ಕತ್ತಲಾಗದ ಊರಿನಲ್ಲಿ ಅಪ್ಪನ ಕಣ್ಣು

ಸರಸ್ವತಿಪುರಂ, ಹೊರಡುವ ಮೊದಲು

ನಾರ್ವೆಗೆ ಹೋಗಿ ಬಂದೆ ಎಂದ ಕೂಡಲೇ ಎಲ್ಲರೂ ಕೇಳುವುದು ಚಳಿಯ ವಿಷಯ. ಚಳಿ ನನ್ನನ್ನು ಏನೂ ಮಾಡಲಿಲ್ಲ. ಸ್ವೆಟರ್ ಮೇಲೊಂದು ಸ್ವೆಟರ್ ಹಾಕಿಕೊಂಡರೆ ಅದು ಸುಮ್ಮನಾಗುತ್ತದೆ. ನನ್ನನ್ನು ಹೆದರಿಸಿದ್ದು ಬೆಳಕು. ಫೋಟೋ ತೆಗೆದು ಹೊಟ್ಟೆ ಹೊರೆಯುವವಳು ಹೀಗೆ ಹೇಳಲು ನಾಚಿಕೆಯಾಗಬೇಕು. ಆಗುತ್ತದೆ ಕೂಡ.

ಸರಸ್ವತಿಪುರದಲ್ಲಿ, ಎರಡು ಟ್ಯುಟೋರಿಯಲ್‌ಗಳ ಬೋರ್ಡಿನ ನಡುವೆ ಸಿಕ್ಕಿಕೊಂಡಂತೆ, ನಮ್ಮದೊಂದು ಸ್ಟುಡಿಯೋ ಇದೆ. ಅಪ್ಪ ಶುರು ಮಾಡಿದ್ದು, ಈಗ ನಾನು ನಡೆಸುತ್ತೇನೆ. ಹಾಲ್ ಟಿಕೆಟ್ಟಿಗೆ, ಪಾಸ್‌ಪೋರ್ಟಿಗೆ ಫೋಟೋ ತೆಗೆಯುವುದು ದಿನದ ಕೆಲಸ. ಆದರೆ ಅಪ್ಪನಿಗೆ ಹೆಸರು ತಂದದ್ದು ಬೇರೆ. ನಮ್ಮ ಕಡೆ ಯಾರಾದರೂ ತೀರಿಕೊಂಡರೆ, ಮಣ್ಣಿಗೆ ಒಯ್ಯುವ ಮೊದಲು ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಮನೆಯವರೆಲ್ಲ ಸುತ್ತ ನಿಂತು ಒಂದು ಫೋಟೋ ತೆಗೆಸುವುದುಂಟು. ಆಗಿನ ಕಾಲದಲ್ಲಿ ಎಷ್ಟೋ ಜನರಿಗೆ ಇದ್ದದ್ದು ಅದೊಂದೇ ಫೋಟೋ. ಅದನ್ನೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಬೇಕು. ಕಣ್ಣು ಮುಚ್ಚಿದ ಮುಖವನ್ನು ದಿನಾ ನೋಡಿಕೊಂಡು ಅನ್ನ ಉಣ್ಣುವುದು ಹೇಗೆ? ಅದಕ್ಕೆ ಅಪ್ಪ ಕೂದಲೆಳೆಯಂಥ ಸೊನ್ನೆ ನಂಬರಿನ ಬ್ರಷ್ ಹಿಡಿದು, ಪ್ರಿಂಟಿನ ಮೇಲೆ, ಮುಚ್ಚಿದ ರೆಪ್ಪೆಯ ಜಾಗದಲ್ಲಿ ತೆರೆದ ಕಣ್ಣು ಬರೆದುಕೊಡುತ್ತಿದ್ದರು. ಕಣ್ಣು ತೆರೆಸುವುದು ಎಂದೇ ಆ ಕೆಲಸಕ್ಕೆ ಹೆಸರು.

ಸತ್ತವರ ಕಣ್ಣು ಹೇಗಿತ್ತೆಂದು ಅಪ್ಪನಿಗೆ ಹೇಗೆ ಗೊತ್ತು? ಗೊತ್ತಿರಲಿಲ್ಲ. ಮೇಜಿನ ಮೇಲೆ ಶೇವಿಂಗ್ ಕನ್ನಡಿ ನಿಲ್ಲಿಸಿಕೊಂಡು, ತಮ್ಮ ಕಣ್ಣನ್ನೇ ನೋಡಿ ಬರೆಯುತ್ತಿದ್ದರು. ಪಕ್ಕದಲ್ಲಿ ಬಣ್ಣ ಕಲಸುತ್ತಾ ಕೂತಿರುತ್ತಿದ್ದ ನನ್ನೊಬ್ಬಳಿಗೆ ಈ ಗುಟ್ಟು ತಿಳಿದಿತ್ತು. ಆದರೂ ಒಂಬತ್ತು ವರ್ಷದವಳಿದ್ದಾಗ, ಮೇಟಗಳ್ಳಿಯ ಪುಟ್ಟತಾಯಮ್ಮ ಎಂಬುವವರ ಮನೆಯ ನಾಮಕರಣಕ್ಕೆ ಹೋದವಳು ಗೋಡೆ ನೋಡಿ ಬೆಚ್ಚಿಬಿದ್ದೆ. ಪುಟ್ಟತಾಯಮ್ಮನ ತೀರಿಹೋದ ಗಂಡ, ದಪ್ಪ ಮೀಸೆಯ ಗುರುತಿಲ್ಲದ ಮನುಷ್ಯ, ನನ್ನ ಅಪ್ಪನ ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದ. ಎಲೆ ಮುಂದಿನಿಂದ ಎದ್ದು ಓಡಿದೆ. ಅಪ್ಪ ಬೀದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿ, "ಯಾರ್ಗೂ ಏಳ್ಬೇಡ ಮಗಾ. ಆ ಯಮ್ಮ ಕಣ್ಣು ಅಂಗೇ ಬಂದದೆ ಅಂತ ಕೈ ಮುಗ್ದವ್ರೆ. ಅವ್ರ ಸಮಾಧಾನ ನಾವ್ಯಾಕೆ ಕೆಡಿಸ್ಬೇಕು?" ಎಂದರು. ನಾನು ಯಾರಿಗೂ ಹೇಳಲಿಲ್ಲ, ಅವ್ವನಿಗೂ.

ಇಷ್ಟು ಜನರಿಗೆ ಕಣ್ಣು ಕೊಟ್ಟವರದೇ ಒಂದು ಸರಿಯಾದ ಫೋಟೋ ಇಲ್ಲ. ಅಪ್ಪನಿಗೆ ಫ್ಲ್ಯಾಶ್ ಎಂದರೆ ಭಯ. ಮದುವೆಯ ಫೋಟೋದಿಂದ ಹಿಡಿದು ಆಧಾರ್ ಕಾರ್ಡಿನವರೆಗೆ ಎಲ್ಲದರಲ್ಲೂ ಕಣ್ಣು ಮುಚ್ಚಿಕೊಂಡಿದ್ದಾರೆ. ಕಳೆದ ವರ್ಷ ಅವರು ಹೋದಾಗ ರೆಪ್ಪೆ ಮುಚ್ಚಿದವಳು ನಾನು, ಕುರ್ಚಿಯಲ್ಲಿ ಕೂರಿಸಿ ಫೋಟೋ ತೆಗೆದವಳೂ ನಾನು. ಅಶೋಕಪುರಂನ ನಮ್ಮ ಮನೆಯಲ್ಲಿ ಬುದ್ಧನ ಫೋಟೋದ ಪಕ್ಕ ಅವ್ವ ಅವತ್ತೇ ಒಂದು ಮೊಳೆ ಹೊಡೆಸಿದಳು. ಆ ಮೊಳೆ ಹಾಗೇ ಇತ್ತು. "ವರ್ಸದ ದಿನಕ್ಕಾದ್ರೂ ನಿಮ್ಮಪ್ಪನ ಕಣ್ಣು ತೆರೆಸ್ಬುಡು ಮಗಾ" ಎನ್ನುವುದೊಂದೇ ಅವಳ ಮಾತು. ಮೂರು ಸಲ ಕನ್ನಡಿ ಮುಂದೆ ಕೂತೆ. ನನ್ನವು ಅವ್ವನ ಕಣ್ಣು. ಅಪ್ಪನ ಮುಖದಲ್ಲಿ ಅವ್ವ ಕಣ್ಣು ಬಿಟ್ಟಳು. ಮೂರು ಸಲವೂ ಒರೆಸಿದೆ.

ಅಷ್ಟರಲ್ಲಿ ನಾರ್ವೆಯ ಒಂದು ಸಣ್ಣ ಬಂದರಿನ ಊರಿನಿಂದ ಕರೆ ಬಂತು. ಅಲ್ಲಿನ ಪುರಸಭೆ ನಡೆಸುವ ಗ್ಯಾಲರಿಯಲ್ಲಿ ಆರು ವಾರ ಇದ್ದು ಕೆಲಸ ಮಾಡಬೇಕು, ಜನ ಬಂದು ನೋಡುತ್ತಿರುತ್ತಾರೆ. ಮೈಸೂರಿನ ಹಳೆಯ ಸ್ಟುಡಿಯೋಗಳ ಬಣ್ಣದ ಹಿನ್ನೆಲೆ ಪರದೆಗಳನ್ನು ಸೆರೆಹಿಡಿದ ನನ್ನ ಫೋಟೋಗಳು ಅವರಿಗೆ ಹಿಡಿಸಿದ್ದವು. ಅಪ್ಪನ ಫೋಟೋವನ್ನು, ಬ್ರಷ್ಷು ಬಣ್ಣಗಳನ್ನು ಕೈಚೀಲಕ್ಕೆ ಹಾಕಿಕೊಂಡೆ. ವರ್ಷದ ಪುಣ್ಯಸ್ಮರಣೆಗೆ ಎರಡು ದಿನ ಮೊದಲು ವಾಪಸ್ಸು. ಅಷ್ಟರೊಳಗೆ ಮುಗಿಸಿ ತರುತ್ತೇನೆಂದು ಅವ್ವನಿಗೆ ಮಾತು ಕೊಟ್ಟೆ.

ಬಂದಿಳಿದ ದಿನ

ನಾನು ಬಂದೆ, ಪೆಟ್ಟಿಗೆ ಬರಲಿಲ್ಲ. ಅದು ಇನ್ಯಾವುದೋ ಊರಿಗೆ ಪ್ರವಾಸ ಹೋಗಿತ್ತು. ಕೈಯಲ್ಲಿ ಉಳಿದದ್ದು ಬ್ರಷ್ಷು, ಬಣ್ಣ, ಅವ್ವ ತುರುಕಿದ್ದ ಹುರಿಗಡಲೆ ಚಟ್ನಿಪುಡಿ, ಅಪ್ಪ. ಚಟ್ನಿಪುಡಿಯನ್ನು ಅನುಮಾನದಿಂದ ಮೂಸಿ ನೋಡಿದ ವಿಮಾನ ನಿಲ್ದಾಣದ ಅಧಿಕಾರಿ ಆಮೇಲೆ ಚೀಲದಿಂದ ಫೋಟೋ ಎತ್ತಿ ಹಿಡಿದ. ಹಾರ ಹಾಕಿಕೊಂಡು ಕುರ್ಚಿಯಲ್ಲಿ ಕೂತ ಅಪ್ಪ.

"ಇವರು ಯಾರು?"

"ನನ್ನ ತಂದೆ."

"ನಿದ್ದೆ ಮಾಡುತ್ತಿದ್ದಾರಾ?"

ಹೌದು ಎಂದೆ. ಅವನು ಫೋಟೋವನ್ನು ಬಹಳ ಮೆಲ್ಲಗೆ, ಎಚ್ಚರವಾಗಿಬಿಟ್ಟಾರು ಎನ್ನುವಂತೆ, ವಾಪಸ್ಸು ಇಟ್ಟ. ಅವನ ಆ ಸೂಕ್ಷ್ಮ ನನಗೆ ಇಷ್ಟವಾಯಿತು.

ಕತ್ತಲಾಗದ ಊರು

ಜೂನ್ ತಿಂಗಳಲ್ಲಿ ಆ ಊರಿನಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಕೇಳಲು ಚೆಂದ. ಊಟವಾದ ಮೇಲೂ ಬಿಸಿಲು, ಹಾಸಿಗೆಗೆ ಹೋದರೂ ಬಿಸಿಲು. ನಮ್ಮಲ್ಲಿ ಬಿಸಿಲು ಎಂದರೆ ಗಲಾಟೆ: ಆಟೋ, ತರಕಾರಿ ಗಾಡಿ, ಟ್ಯೂಷನ್ನಿಗೆ ಓಡುವ ಮಕ್ಕಳು. ಅಲ್ಲಿ ಬಿಸಿಲು ಹಾಗೇ ಬಿದ್ದಿರುತ್ತದೆ, ಬೀದಿಯಲ್ಲಿ ಒಂದು ನರಪಿಳ್ಳೆ ಇರುವುದಿಲ್ಲ. ಜನರೆಲ್ಲ ಎದ್ದು ಎಲ್ಲಿಗೋ ಹೊರಟುಹೋದ ಊರಿಗೆ ನಾನೊಬ್ಬಳು ತಡವಾಗಿ ಬಂದಂತೆ ಅನ್ನಿಸುತ್ತಿತ್ತು.

ಕಿಟಕಿಗಳಿಗೆ ಪರದೆ ಎಳೆಯುವ ಅಭ್ಯಾಸ ಅವರಿಗಿಲ್ಲ. ಪ್ರತಿ ಕಿಟಕಿಯಲ್ಲೂ ಒಂದು ದೀಪ, ಆ ಬಿಸಿಲಿನಲ್ಲೂ. ಬಸ್ಸಿನಲ್ಲಿ ಒಬ್ಬರ ಪಕ್ಕ ಒಬ್ಬರು ಕೂರುವುದಿಲ್ಲ. ನಾನು ಮೈಸೂರಿನ ಸಿಟಿ ಬಸ್ಸಿನ ಧೈರ್ಯದಲ್ಲಿ ಒಬ್ಬಾಕೆಯ ಪಕ್ಕ ಕೂತರೆ, ಆಕೆ ಮುಂದಿನ ಸ್ಟಾಪಿನಲ್ಲಿ ನಗುತ್ತಲೇ ಇಳಿದುಹೋದಳು. ಬಂದರಿನ ದಾರಿಯಲ್ಲಿ ಮರದ ಗಳಗಳಿಗೆ ದೊಡ್ಡ ದೊಡ್ಡ ಮೀನಿನ ತಲೆಗಳನ್ನು ಒಣಗಲು ಕಟ್ಟಿರುತ್ತಾರೆ. ನಾನು ಒಣಮೀನು ತಿಂದು ಬೆಳೆದವಳು, ವಾಸನೆಗೆ ಅಂಜುವವಳಲ್ಲ. ಆದರೆ ಆ ತಲೆಗಳೆಲ್ಲ ಬಾಯಿ ತೆರೆದುಕೊಂಡಿದ್ದವು, ಕಣ್ಣಿನ ಜಾಗದಲ್ಲಿ ತೂತು. ಗಾಳಿ ಬಂದಾಗ ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ನಾನು ಆ ದಾರಿ ಬಿಟ್ಟು ಸುತ್ತಿಕೊಂಡು ಗ್ಯಾಲರಿಗೆ ಹೋಗುತ್ತಿದ್ದೆ.

ಗಾಜಿನ ಕೋಣೆ

ಗ್ಯಾಲರಿಯಲ್ಲಿ ನನಗೆ ಕೊಟ್ಟದ್ದು ಗಾಜಿನ ಗೋಡೆಯ ಒಂದು ಕೋಣೆ. ಮೃಗಾಲಯದ ಪ್ರಾಣಿಯ ಕಷ್ಟ ಏನೆಂದು ಮೊದಲ ದಿನವೇ ತಿಳಿಯಿತು. ಕಾವಲಿಗೆ ಇಂಗ್ರಿಡ್ ಎಂಬ ಐವತ್ತೈದರ ಹೆಂಗಸು. ನನ್ನ ಕೋಣೆಯ ಎದುರು ಕುರ್ಚಿ ಹಾಕಿಕೊಂಡು ಕಾಲುಚೀಲ ಹೆಣೆಯುತ್ತಾ ಕೂರುವಳು. ಮಾತು ಕಡಿಮೆ, ಕಾಫಿ ಜಾಸ್ತಿ.

ಊರಿನ ಹಳೆಯ ಫೋಟೋಗ್ರಾಫರ್ ಒಬ್ಬ ಬಿಟ್ಟುಹೋದ ಗಾಜಿನ ನೆಗೆಟಿವ್‌ಗಳ ಪೆಟ್ಟಿಗೆಯನ್ನು ನನ್ನ ಮುಂದಿಟ್ಟರು. ಅವುಗಳಿಂದ ಹೊಸದೇನಾದರೂ ಮಾಡಿ ಎಂದರು. ಮೂರನೇ ವಾರ ಒಂದು ಗಾಜನ್ನು ಬೆಳಕಿಗೆ ಹಿಡಿದವಳು ಹಾಗೇ ಕೂತುಬಿಟ್ಟೆ. ಆರೇಳು ವರ್ಷದ ಹುಡುಗಿ, ಎತ್ತರದ ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿದ್ದಾರೆ. ಮಡಿಲಲ್ಲಿ ಹೂವು. ಹಿಂದೆ ತಾಯಿ ನಿಂತು ಭುಜ ಹಿಡಿದುಕೊಂಡಿದ್ದಾಳೆ. ಹುಡುಗಿಯ ಕಣ್ಣು ಮುಚ್ಚಿದೆ. ನಮ್ಮ ಅಶೋಕಪುರಂನಲ್ಲಿ ಯಾರನ್ನು ಕೇಳಿದರೂ ಇದೇನೆಂದು ಹೇಳುತ್ತಾರೆ. ಇಷ್ಟು ದೂರ ಬಂದರೂ ಅದೇ ಕುರ್ಚಿ.

"ಇವಳು ಯಾರು?" ಎಂದು ಇಂಗ್ರಿಡ್‌ಳನ್ನು ಕೇಳಿದೆ. ಅವಳು ರಿಜಿಸ್ಟರ್ ತೆರೆದು ನೋಡಿದಳು. ಹುಡುಗಿ, ಕುರ್ಚಿ, ಅಷ್ಟೇ ಬರೆದಿತ್ತು.

ನಾನು ದೊಡ್ಡದೊಂದು ಪ್ರಿಂಟ್ ಮಾಡಿದೆ. ನಮ್ಮ ಊರಿನ ವಿದ್ಯೆ ಇವರಿಗೂ ತೋರಿಸೋಣ ಎಂಬ ಜಂಬ ಒಂದು ಕಡೆ, ಕಣ್ಣಿಲ್ಲದೆ ಪೆಟ್ಟಿಗೆಯಲ್ಲಿ ಬಿದ್ದಿದ್ದ ಕೂಸು ಎಂಬ ಸಂಕಟ ಇನ್ನೊಂದು ಕಡೆ. ಅಪ್ಪ ಬಳಸುತ್ತಿದ್ದ ನೀರುಬಣ್ಣವನ್ನೇ ಕಲಸಿದೆ. ಕನ್ನಡಿ ತಂದಿರಲಿಲ್ಲ. ಕನ್ನಡಿಯಿಲ್ಲದೆಯೇ ಬ್ರಷ್ ಇಟ್ಟೆ. ಕೈ ತಾನಾಗಿ ಹೋಯಿತು. ಮೇಲಿನ ರೆಪ್ಪೆಯ ಗೆರೆ, ಪಾಪೆ, ಕೊನೆಯಲ್ಲಿ ಬಿಳಿಯ ಒಂದು ಚುಕ್ಕೆ. ಆ ಚುಕ್ಕೆ ಇಟ್ಟ ಕೂಡಲೇ ಕಣ್ಣಿಗೆ ಜೀವ ಬರುತ್ತದೆ ಎಂದು ಅಪ್ಪ ಹೇಳುತ್ತಿದ್ದರು.

ಚುಕ್ಕೆ ಇಟ್ಟೆ. ಹಿಂದೆ ಸರಿದು ನೋಡಿದೆ. ಬೆಳ್ಳನೆ ಕೂದಲಿನ ನಾರ್ವೆಯ ಹುಡುಗಿಯ ಮುಖದಿಂದ ಅಪ್ಪ ನನ್ನನ್ನು ನೋಡುತ್ತಿದ್ದರು.

ಬ್ರಷ್ ಕೈಯಿಂದ ಬಿತ್ತು. ಎಡಗಣ್ಣಿನ ರೆಪ್ಪೆ ಸ್ವಲ್ಪ ಜೋತಿರುವುದು, ನೋಡುವಾಗ ಏನೋ ಕೇಳಬೇಕು ಎನ್ನುವಂತಿರುವುದು, ಎಲ್ಲ ಅವರದೇ. ಸಾವಿರ ಸಲ ಪಕ್ಕದಲ್ಲಿ ಕೂತು ನೋಡಿದ್ದನ್ನು ಕೈ ಕಲಿತುಕೊಂಡುಬಿಟ್ಟಿದೆ, ನನಗೇ ಗೊತ್ತಿಲ್ಲದೆ. ಹೊರಗೆ ಬಿಸಿಲು ಹಾಗೇ ಇತ್ತು.

ಕಣ್ಣು ತೆರೆದ ಮೇಲೆ

ಮಾರನೆಯ ದಿನ ಅವ್ವನಿಗೆ ಫೋನ್ ಮಾಡಿ, "ಅಪ್ಪನ ಕಣ್ಣು ಸಿಕ್ತು ಕಣವ್ವ" ಎಂದೆ.

"ಸಿಕ್ತಾ? ಎಲ್ಲಿತ್ತು?" ಎಂದಳು, ಕಳೆದ ಬೀಗದ ಕೈ ಕೇಳುವಂತೆ. ಆಮೇಲೆ, "ಬೇಗ ಬರ್ದ್‌ಬುಡು ಮಗಾ. ಮೊಳೆ ನೋಡಿ ನೋಡಿ ಸಾಕಾಗದೆ" ಎಂದಳು.

ಆದರೆ ನಾನು ಅಪ್ಪನ ಫೋಟೋವನ್ನು ಚೀಲದಿಂದ ತೆಗೆಯಲಿಲ್ಲ. ಹುಡುಗಿಯ ಫೋಟೋ ಗೋಡೆಯಲ್ಲಿತ್ತು, ಕೋಣೆಯಲ್ಲಿ ಎಲ್ಲಿ ಕೂತರೂ ಬೆನ್ನಿಗೆ ನೋಟ ತಾಗುತ್ತಿತ್ತು. ನನ್ನ ಕಲ್ಪನೆ ಎಂದುಕೊಂಡೆ. ಎರಡು ದಿನದ ಮೇಲೆ ನೋಡುತ್ತೇನೆ, ಇಂಗ್ರಿಡ್ ತನ್ನ ಕುರ್ಚಿಯನ್ನು ಕಂಬದ ಆಚೆಗೆ ಸರಿಸಿಕೊಂಡಿದ್ದಾಳೆ. ಹನ್ನೊಂದು ವರ್ಷದಿಂದ ಒಂದೇ ಜಾಗದಲ್ಲಿ ಕೂತವಳು.

"ಅಲ್ಲೇನಾಯಿತು?" ಎಂದೆ.

"ಆ ಮಗು ನನ್ನ ಹೆಣಿಗೆ ತಪ್ಪಿಸುತ್ತಿದೆ" ಎಂದಳು. ತಮಾಷೆಗೆ ಹೇಳಿದಳು ಎಂದುಕೊಂಡು ನಕ್ಕೆ. ಅವಳು ನಗಲಿಲ್ಲ. "ಮಗುವಿನ ಕಣ್ಣಲ್ಲ ಅದು. ತುಂಬ ವಯಸ್ಸಾದ ಯಾರದೋ" ಎಂದಳು. ಜನ ಬಂದು ಗಾಜಿನಾಚೆ ನಿಂತು ನೋಡುವರು, ಬಾಗುವರು, ಮತ್ತೆ ಹೊರಟುಹೋಗುವರು. ಅದರಲ್ಲೊಬ್ಬ ಗಂಡಸು ಬಾಗಿಲ ತನಕ ಹೋಗಿ ಎರಡು ಸಲ ತಿರುಗಿ ನೋಡಿದ.

ಆಸ್ಟ್ರಿಡ್ ಅಜ್ಜಿ

ಐದನೇ ವಾರ ತಳ್ಳುಗಾಡಿಯಂಥ ಊರುಗೋಲು ಹಿಡಿದು ಮುದುಕಿಯೊಬ್ಬಳು ಬಂದಳು. ಹೆಸರು ಆಸ್ಟ್ರಿಡ್, ವಯಸ್ಸು ತೊಂಬತ್ತರ ಹತ್ತಿರ. ಅಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯುವುದು. ನನಗೆ ನಾಲಿಗೆ ಏಳಲಿಲ್ಲ. ಆಸ್ಟ್ರಿಡ್ ಅಜ್ಜಿ ಎಂದೆ. ಅಜ್ಜಿ ಎಂದರೇನೆಂದು ಹೇಳಿದ ಮೇಲೆ ಖುಷಿಪಟ್ಟಳು.

ಗೋಡೆಯ ಹುಡುಗಿಯನ್ನು ಅವಳು ಬಹಳ ಹೊತ್ತು ನೋಡಿದಳು. ನಾನು ನನ್ನ ವಿದ್ಯೆ ವಿವರಿಸಲು ಶುರು ಮಾಡಿದೆ. ನಮ್ಮ ಊರಿನಲ್ಲಿ ತೀರಿಹೋದವರನ್ನು ಹೀಗೇ ಕುರ್ಚಿಯಲ್ಲಿ ಕೂರಿಸಿ ಫೋಟೋ ತೆಗೆಯುತ್ತೇವೆ, ಆಮೇಲೆ ಕಣ್ಣು ತೆರೆಸುತ್ತೇವೆ, ಈ ಪಾಪದ ಮಗುವಿಗೆ ಯಾರೂ ತೆರೆಸಿರಲಿಲ್ಲ, ನಾನು ತೆರೆಸಿದೆ ಎಂದೆ.

ಅವಳು ನನ್ನ ಕಡೆ ತಿರುಗಿದಳು. "ನಾನು ಸತ್ತಿಲ್ಲವಲ್ಲ" ಎಂದಳು.

ನನಗೆ ಅರ್ಥವಾಗಲಿಲ್ಲ.

"ಆ ಹುಡುಗಿ ನಾನು. ಹಿಂದೆ ನಿಂತವಳು ನನ್ನ ಅಮ್ಮ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬದುಕಿರುವವರನ್ನು ಸತ್ತವರೆಂದು ಹೇಳಿ, ಅವರ ಮುಂದೆಯೇ ಮರುಕಪಟ್ಟ ಫೋಟೋಗ್ರಾಫರ್ ನಾನೊಬ್ಬಳೇ ಇರಬೇಕು. ಕ್ಷಮಿಸಿ ಎಂದು ಹತ್ತು ಸಲ ಹೇಳಿದೆ. ಅವಳು ನಕ್ಕು ಕೈಯಾಡಿಸಿದಳು. ಆಮೇಲೆ ಕುರ್ಚಿ ಕೇಳಿ ಕೂತು ಹೇಳಿದಳು.

ಅವಳ ಅಪ್ಪ ಮೀನು ಹಿಡಿಯಲು ದೂರದ ಸಮುದ್ರಕ್ಕೆ ಹೋಗುವವನು. ಜೊತೆಗೆ ಒಯ್ಯಲು ಮಗಳ ಫೋಟೋ ಬೇಕೆಂದ. ಫೋಟೋಗ್ರಾಫರ್ ಬೆಳಕಿಗೆಂದು ತಟ್ಟೆಯಲ್ಲಿ ಪುಡಿ ಹೊತ್ತಿಸಿದಾಗ ಢಗ್ಗೆಂದು ಉರಿಯಿತು, ಇವಳು ಹೆದರಿ ಕಣ್ಣು ಮುಚ್ಚಿದಳು. ಅವನ ಹತ್ತಿರ ಅವತ್ತು ಉಳಿದಿದ್ದದ್ದು ಅದೊಂದೇ ಗಾಜು. ಕಣ್ಣು ಮುಚ್ಚಿದ ಫೋಟೋವನ್ನೇ ಅಪ್ಪ ಜೇಬಿನಲ್ಲಿ ಇಟ್ಟುಕೊಂಡು ಹೋದ.

"ಒಂದು ಕಾಗದ ಬಂತು" ಎಂದಳು. "ನಿನ್ನ ಫೋಟೋ ಹಡಗಿನಲ್ಲಿ ಅಂಟಿಸಿದ್ದೇನೆ, ಮಲಗಿರುವ ಮಗು ಎದ್ದೀತೆಂದು ಎಲ್ಲರೂ ಮೆಲ್ಲಗೆ ಮಾತಾಡುತ್ತಾರೆ ಅಂತ ಬರೆದಿದ್ದ. ಆಮೇಲೆ ಕಾಗದವೂ ಬರಲಿಲ್ಲ, ಹಡಗೂ ಬರಲಿಲ್ಲ."

ಇಂಗ್ರಿಡ್ ಹೆಣಿಗೆ ಬಿಟ್ಟು ಬಾಗಿಲಲ್ಲಿ ನಿಂತಿದ್ದಳು.

"ನನ್ನ ಅಪ್ಪನಿಗೆ ಗೊತ್ತಿರುವುದು ಕಣ್ಣು ಮುಚ್ಚಿದ ಹುಡುಗಿ" ಎಂದಳು ಆಸ್ಟ್ರಿಡ್ ಅಜ್ಜಿ. "ಈಗ ಹುಡುಕಿಕೊಂಡು ಬಂದರೆ ಇವಳನ್ನು ನೋಡಿ ನನ್ನ ಮಗಳಲ್ಲ ಎಂದು ದಾಟಿಹೋಗುತ್ತಾನೆ." ಬರುವುದು ನಾಳೆಯೋ ನಾಡಿದ್ದೋ ಎನ್ನುವಷ್ಟು ಸಹಜವಾಗಿ ಹೇಳಿದಳು. ಮತ್ತೆ ಫೋಟೋ ನೋಡಿ ಕೇಳಿದಳು: "ಈ ಕಣ್ಣು ಯಾರದು? ಅವರು ನನ್ನನ್ನು ನೋಡುತ್ತಿಲ್ಲ. ಆಗಿನಿಂದ ನಿಮ್ಮನ್ನೇ ನೋಡುತ್ತಿದ್ದಾರೆ."

"ನನ್ನ ಅಪ್ಪನದು" ಎಂದೆ. ಅಷ್ಟು ವರ್ಷ ಕಾಪಾಡಿದ ಗುಟ್ಟು ಒಬ್ಬ ಪರದೇಶದ ಮುದುಕಿಯ ಮುಂದೆ ಬಾಯಿಗೆ ಬಂತು.

ಅವಳು ನನ್ನ ಕೈಯನ್ನು ಹಿಡಿದುಕೊಂಡಳು. "ಹಾಗಾದರೆ ಅವರಿಗೆ ಬೇಜಾರಾಗದ ಹಾಗೆ ಮುಚ್ಚಿ" ಎಂದಳು.

ಮುಚ್ಚಿದ್ದು

ಹತ್ತಿಯನ್ನು ನೀರಿನಲ್ಲಿ ಅದ್ದಿದೆ. ಅಪ್ಪನ ನೀರುಬಣ್ಣ ಯಾವಾಗ ಬೇಕಾದರೂ ಒರೆಸಬಹುದಾದದ್ದು. ಒಪ್ಪದಿದ್ದರೆ ತಿದ್ದಿಕೊಡಬೇಕಲ್ಲ ಎನ್ನುತ್ತಿದ್ದರು. ಆಸ್ಟ್ರಿಡ್ ಅಜ್ಜಿ, ಇಂಗ್ರಿಡ್ ಇಬ್ಬರೂ ನೋಡುತ್ತಿದ್ದರು. ಮೊದಲು ಆ ಬಿಳಿ ಚುಕ್ಕೆ ಹೋಯಿತು, ಆಮೇಲೆ ಪಾಪೆ, ಆಮೇಲೆ ಜೋತ ರೆಪ್ಪೆ. ಒಂದು ವರ್ಷದೊಳಗೆ ಎರಡನೇ ಸಲ ಅಪ್ಪನ ಕಣ್ಣನ್ನು ನನ್ನ ಕೈಯಾರೆ ಮುಚ್ಚಿದೆ. ಆಸ್ಪತ್ರೆಯಲ್ಲಿ ಅವತ್ತು ಬಾರದ ಅಳು ಇಲ್ಲಿ ಬಂತು. ಬಣ್ಣದ ಕೆಳಗಿನಿಂದ ಅಂಜುಬುರುಕಿ ಹುಡುಗಿಯೊಬ್ಬಳು, ಕಣ್ಣು ಬಿಗಿಹಿಡಿದವಳು, ಮೇಲೆ ಬಂದಳು. ಸತ್ತವರ ರೆಪ್ಪೆ ಹಾಗೆ ಬಿಗಿಯಾಗಿರುವುದಿಲ್ಲ. ನಾನು ನೋಡಿಯೇ ಇರಲಿಲ್ಲ. ನಾಳೆ ಬೆಳಿಗ್ಗೆ ಇಂಗ್ರಿಡ್‌ಳ ಕುರ್ಚಿ ಕಂಬದ ಈಚೆಗೆ ಬರುತ್ತದೆ ಎಂದುಕೊಂಡೆ. ಬಂತು.

ಕೊನೆಯ ವಾರ ಅಪ್ಪನ ಫೋಟೋ ಮುಂದಿಟ್ಟುಕೊಂಡೆ. ಅವ್ವನಿಗೆ ಮಾತು ಕೊಟ್ಟಾಗಿತ್ತು. ಕೈಗೆ ದಾರಿ ಗೊತ್ತಿತ್ತು, ಕಾಲು ಗಂಟೆಯಲ್ಲಿ ಮುಗಿಯಿತು. ಕಣ್ಣು ಅಪ್ಪನದೇ, ಮುಖವೂ ಅಪ್ಪನದೇ. ಆದರೂ ಅದು ಅಪ್ಪನಾಗಿರಲಿಲ್ಲ. ಆ ಕಣ್ಣನ್ನು ನಾನು ಸತ್ತವರ ಮುಖದಲ್ಲೇ ಎಷ್ಟು ಸಲ ನೋಡಿದ್ದೆನೆಂದರೆ, ಸ್ವಂತ ಮುಖದಲ್ಲಿ ಅದು ಬಂದಾಗ ಅಪ್ಪ ಅವರದೇ ಒಬ್ಬ ಗಿರಾಕಿಯಂತೆ ಕಂಡರು. ಮತ್ತೆ ಹತ್ತಿ ಅದ್ದಿದೆ.

ಮೇಟಗಳ್ಳಿ

ಊರಿಗೆ ಬಂದು ಚೀಲ ಬಿಚ್ಚಿದ ಕೂಡಲೇ ಅವ್ವ ಕೇಳಿದ್ದು ಫೋಟೋವನ್ನೇ. ನೋಡಿದಳು. ಕಣ್ಣು ಮುಚ್ಚಿಯೇ ಇತ್ತು. ಬಯ್ಯಲಿಲ್ಲ, ಬಯ್ದಿದ್ದರೆ ಚೆನ್ನಾಗಿತ್ತು. ಮೊಳೆಯ ಕಡೆ ನೋಡುತ್ತಾ ಕೂತಳು.

"ನಾಳೆ ನನ್ ಜೊತೆ ಮೇಟಗಳ್ಳಿಗೆ ಬಾ. ಅಲ್ಲಿ ನೋಡಿದ್ಮೇಲೂ ಬರಿ ಅಂದ್ರೆ ಬರೀತೀನಿ" ಎಂದೆ. ಬಸ್ಸಿನಲ್ಲಿ ಕೂತ ಮೇಲೆ ಕನ್ನಡಿಯ ಗುಟ್ಟು ಹೇಳಿದೆ. ಅವ್ವ ಕಿಟಕಿಯಾಚೆ ನೋಡುತ್ತಾ ಕೇಳಿಸಿಕೊಂಡಳು.

ಪುಟ್ಟತಾಯಮ್ಮನಿಗೆ ಈಗ ಎಪ್ಪತ್ತು ದಾಟಿದೆ. ಸ್ಟುಡಿಯೋದವರ ಮಗಳು ಎಂದು ಹೇಳಿದ್ದಕ್ಕೆ ಖುಷಿಯಾಗಿ ಒಳಗೆ ಕರೆದರು, ಕಾಫಿಗೆಂದು ಅಡುಗೆಮನೆಗೆ ಹೋದರು. ದಪ್ಪ ಮೀಸೆಯ ಮನುಷ್ಯ ಅದೇ ಗೋಡೆಯಲ್ಲಿದ್ದ. ಸುತ್ತ ಸೀರಿಯಲ್ ಲೈಟ್ ಹಾಕಿದ್ದರು. ನಾನು ಮತ್ತೆ ಒಂಬತ್ತು ವರ್ಷದವಳಾದಂತೆ ಬಾಗಿಲ ಹತ್ತಿರವೇ ನಿಂತೆ.

ಅವ್ವ ಹತ್ತಿರ ಹೋದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಒಂದು ಹೆಜ್ಜೆ ಆಚೆ ಸರಿದು ನೋಡಿದಳು, ಒಂದು ಹೆಜ್ಜೆ ಈಚೆ ಸರಿದು ನೋಡಿದಳು. ಕಣ್ಣು ಅವಳ ಜೊತೆಗೇ ಬಂತು.

"ಅಯ್ಯೋ, ಇಲ್ಲೇ ಅವ್ರೆ ಕಣೇ" ಎಂದಳು, ಪಿಸುಮಾತಿನಲ್ಲಿ. ಸೆರಗಿನಿಂದ ಕಣ್ಣು ಒರೆಸಿಕೊಂಡು ಹೇಳಿದಳು: "ಮನೇದು ಮುಚ್ಕೊಂಡೇ ಇರ್ಲಿ ಬುಡು ಮಗಾ. ಪಕ್ಕದಲ್ಲಿ ಬುದ್ಧನೂ ಅಂಗೇ ತಾನೇ ಕೂತಿರೋದು. ಎಚ್ಚರವಾಗಿರೋರ್ನ ನೋಡ್ಬೇಕು ಅನ್ಸುದ್ರೆ ಇಲ್ಗೇ ಬತ್ತೀನಿ."

ಕಾಫಿ ಲೋಟ ಹಿಡಿದು ಬಂದ ಪುಟ್ಟತಾಯಮ್ಮ ಅವ್ವನ ಮುಖ ನೋಡಿ ನಿಂತರು.

"ಯಾಕವ್ವಾ ಅಳ್ತಿದ್ದೀರಿ? ನಮ್ಮನೆಯೋರ ಪರಿಚಯ ಇತ್ತಾ ನಿಮ್ಗೆ?"

"ಇತ್ತು ಕಣಕ್ಕ. ಚೆನ್ನಾಗಿ ಇತ್ತು" ಎಂದಳು ಅವ್ವ.

ಪುಟ್ಟತಾಯಮ್ಮ ಲೋಟ ಕೊಟ್ಟು, ಗೋಡೆಯ ಕಡೆ ಪ್ರೀತಿಯಿಂದ ನೋಡಿದರು. "ಅಂಗಾದ್ರೆ ಬತ್ತಾ ಇರಿ. ಈ ಕಣ್ಣ ನೋಡ್ಕೊಂಡೇ ನಾನು ಇಷ್ಟು ವರ್ಸ ಕಾಲ ಕಳ್ದೆ ಕಣವ್ವಾ" ಎಂದರು.

ಅವ್ವ ಕಾಫಿಯನ್ನು ಒಂದು ಗುಟುಕು ಕುಡಿದಳು.

"ನಾನೂ ಅಂಗೇ ಕಣಕ್ಕ" ಎಂದಳು.